ನೆಲದಡಿಯ ಗಣಿಗೆ ಹೊತ್ತೊಯ್ಯುವ ಬೆಳಕು: ಬಂಡೆಗೋಡೆಯ ಹೈಪರ್‌ಸ್ಪೆಕ್ಟ್ರಲ್ ಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಮೂರು ಥರದ ಜನ ಕೇಳುತ್ತಾರೆ. ಭೂವಿಜ್ಞಾನ ಓದುವವರಿಗೆ ಖನಿಜ ಹೇಗೆ ಗೊತ್ತಾಗುತ್ತದೆ ಅನ್ನುವ ಕುತೂಹಲ. ಕ್ಯಾಮೆರಾ ಹುಚ್ಚಿನವರಿಗೆ ಲೆನ್ಸ್, ಸೆನ್ಸರ್ ಚಿಂತೆ. ಗಣಿಯಲ್ಲಿ ಇಳಿದು ಬಂದವರು ಮಾತ್ರ "ಆ ಕೆಸರು, ಆ ಧೂಳಿನಲ್ಲಿ ಇದೆಲ್ಲ ಆಗೋ ಕೆಲಸವಾ?" ಅಂತ ನೇರವಾಗಿ ಕೇಳುತ್ತಾರೆ. ಮೂರನೆಯವರ ಪ್ರಶ್ನೆಯೇ ನನಗೆ ಇಷ್ಟ. ಅದಕ್ಕೇ ಕೆಳಗೆ ಕ್ಯಾಮೆರಾಗಿಂತ ದೀಪದ ಮಾತು ಜಾಸ್ತಿ ಇದೆ.

ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅಂದರೆ ಏನು?

ನಿಮ್ಮ ಮೊಬೈಲ್ ಕ್ಯಾಮೆರಾ ಬಂದ ಬೆಳಕನ್ನು ಮೂರೇ ಡಬ್ಬಿಗೆ ಹಂಚುತ್ತದೆ: ಕೆಂಪು, ಹಸಿರು, ನೀಲಿ. ಈ ಕ್ಯಾಮೆರಾ ಅದೇ ಬೆಳಕನ್ನು ನೂರಾರು ಸಣ್ಣ ಡಬ್ಬಿಗಳಿಗೆ ಹಂಚುತ್ತದೆ. ಒಂದೊಂದು ಡಬ್ಬಿಯ ಅಗಲ ಕೆಲವೇ ನ್ಯಾನೋಮೀಟರ್. ಹಾಗಾಗಿ ಚಿತ್ರದ ಪ್ರತಿ ಚುಕ್ಕೆಗೂ ಒಂದು ಬಣ್ಣದ ಬದಲು ಒಂದು ಗೆರೆ ಸಿಗುತ್ತದೆ. ಯಾವ ತರಂಗಾಂತರದಲ್ಲಿ ಕಲ್ಲು ಎಷ್ಟು ಬೆಳಕನ್ನು ವಾಪಸ್ ಕಳಿಸಿತು ಅನ್ನುವ ಏರಿಳಿತದ ಗೆರೆ ಅದು.

ಗಣಿ ಕೆಲಸಕ್ಕೆ ಎರಡು ವ್ಯಾಪ್ತಿ ಮುಖ್ಯ. 400ರಿಂದ 1000 ನ್ಯಾನೋಮೀಟರ್ ಒಂದು. ಕಣ್ಣಿಗೆ ಕಾಣುವ ಬೆಳಕು ಇದರೊಳಗೇ ಬರುತ್ತದೆ. 1000ದಿಂದ 2500 ಇನ್ನೊಂದು. ಇದಕ್ಕೆ ಶಾರ್ಟ್‌ವೇವ್ ಇನ್ಫ್ರಾರೆಡ್ ಅನ್ನುತ್ತಾರೆ, ಬಾಯಿಮಾತಿನಲ್ಲಿ 'ಸ್ವಿರ್'. ಖನಿಜಗಳ ಗುಟ್ಟೆಲ್ಲ ಹೆಚ್ಚಾಗಿ ಈ ಎರಡನೆಯದರಲ್ಲೇ ಇದೆ. ಮೊಬೈಲಿನ ಸಿಲಿಕಾನ್ ಸೆನ್ಸರ್ 1000ದ ಆಸುಪಾಸಿನಲ್ಲೇ ಕುರುಡಾಗುತ್ತದೆ. ಹಾಗಾಗಿ "ಇದಕ್ಕೆ ಆ್ಯಪ್ ಇದೆಯಾ?" ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ: ಇಲ್ಲ.

ಗೆರೆ ನೋಡಿ ಖನಿಜ ಹೇಗೆ ಹೇಳುತ್ತಾರೆ?

ಖನಿಜದೊಳಗಿನ ಕೆಲವು ಬಂಧಗಳು ಕೆಲವು ತರಂಗಾಂತರದ ಬೆಳಕನ್ನು ಹೀರಿಕೊಳ್ಳುತ್ತವೆ. ಹೀರಿಕೊಂಡ ಜಾಗದಲ್ಲಿ ಗೆರೆ ಕುಸಿದು ತಗ್ಗು ಬೀಳುತ್ತದೆ. ತಗ್ಗು ಎಲ್ಲಿದೆ, ಎಷ್ಟು ಆಳ, ಒಂಟಿಯೋ ಜೋಡಿಯೋ ಅನ್ನುವುದೇ ಗುರುತು.

ಅಲ್ಯೂಮಿನಿಯಂ ಮತ್ತು ಹೈಡ್ರಾಕ್ಸಿಲ್ ಸೇರಿದ ಖನಿಜಗಳಿಗೆ 2200 ನ್ಯಾನೋಮೀಟರ್ ಹತ್ತಿರ ತಗ್ಗು. ಮಸ್ಕೊವೈಟ್ ಅನ್ನುವ ಬಿಳಿ ಅಭ್ರಕಕ್ಕೆ ಅಲ್ಲಿ ಒಂದೇ ಚೂಪು ತಗ್ಗು. ಕಯೋಲಿನೈಟ್ ಅನ್ನುವ ಜೇಡಿಗೆ 2160 ಮತ್ತು 2200ರ ಬಳಿ ಜೋಡಿ ತಗ್ಗು. ಮೆಗ್ನೀಸಿಯಂ ಇದ್ದರೆ ತಗ್ಗು ಮುಂದಕ್ಕೆ ಜರುಗುತ್ತದೆ. ನಮ್ಮ ಬಳಪದ ಕಲ್ಲಿನ ಟಾಲ್ಕ್‌ಗೆ ಅದು 2310ರ ಹತ್ತಿರ. ಸುಣ್ಣಕಲ್ಲಿನ ಕ್ಯಾಲ್ಸೈಟ್‌ಗೆ 2340, ಅದರ ತಮ್ಮನಂತಿರುವ ಡಾಲಮೈಟ್‌ಗೆ 2320. ಬರಿಗಣ್ಣಿಗೆ ಎರಡೂ ಒಂದೇ ಬಿಳಿ. ಕ್ಯಾಮೆರಾಗೆ ಆ 20 ನ್ಯಾನೋಮೀಟರ್ ಅಂತರ ಸಾಕು. ಕಬ್ಬಿಣದ ಆಕ್ಸೈಡ್‌ಗಳು ಮಾತ್ರ ಬೇರೆ ಕಡೆ ಸಿಗುತ್ತವೆ. ಹೆಮಟೈಟ್, ಗೋಯೆಥೈಟ್‌ಗಳ ಅಗಲವಾದ ತಗ್ಗು 850ರಿಂದ 950ರ ನಡುವೆ.

ನನಗೆ ಇದರಲ್ಲಿ ಬಹಳ ಹಿಡಿಸುವುದು ಬಿಳಿ ಅಭ್ರಕದ ಕಥೆ. ಅದರಲ್ಲಿ ಅಲ್ಯೂಮಿನಿಯಂ ಕಡಿಮೆಯಾದಂತೆ ತಗ್ಗು 2190ರ ಕಡೆಯಿಂದ 2220ರ ಕಡೆಗೆ ಮೆಲ್ಲಗೆ ಸರಿಯುತ್ತದೆ. ಅಂದರೆ ಖನಿಜದ ಹೆಸರಷ್ಟೇ ಅಲ್ಲ, ಅದು ಹುಟ್ಟಿದಾಗ ಬಂಡೆಯಲ್ಲಿ ಹರಿದ ಬಿಸಿ ದ್ರವ ಎಂಥದ್ದಿತ್ತು ಅನ್ನುವ ಸುಳಿವೂ ಸಿಗುತ್ತದೆ.

ಚಿನ್ನ ಕಾಣುತ್ತದಾ?

ಇಲ್ಲ. ಒಂದು ಟನ್ ಬಂಡೆಯಲ್ಲಿ ಕೆಲವೇ ಗ್ರಾಂ ಇರುವ, ಕಣ್ಣಿಗೂ ಕಾಣದ ಕಣಗಳು ಅವು. ಈ ಕ್ಯಾಮೆರಾಗೆ ಬಂಗಾರ ಕಾಣುವುದಿಲ್ಲ, ಕಾಗೆಬಂಗಾರ, ಅಂದರೆ ಅಭ್ರಕ, ಕಾಣುತ್ತದೆ. ತಮಾಷೆಯಲ್ಲ, ಕೆಲಸ ನಡೆಯುವುದೇ ಹಾಗೆ. ಚಿನ್ನ ತಂದ ಬಿಸಿ ದ್ರವ ಸುತ್ತಲಿನ ಬಂಡೆಯನ್ನೂ ಬದಲಿಸಿರುತ್ತದೆ. ಅಭ್ರಕ, ಕ್ಲೋರೈಟ್, ಕಾರ್ಬೊನೇಟ್‌ಗಳು ಆ ದ್ರವದ ಹೆಜ್ಜೆಗುರುತು. ನಾವು ಹುಡುಕುವುದು ಆ ಹೆಜ್ಜೆಯನ್ನು.

ರಾಯಚೂರು ಜಿಲ್ಲೆಯ ಹಟ್ಟಿಯನ್ನೇ ನೋಡಿ. ಅಲ್ಲಿ ಕಪ್ಪು ಹಸಿರು ಆಂಫಿಬೊಲೈಟ್ ಬಂಡೆಯೊಳಗೆ ಚಿನ್ನ ಹೊತ್ತ ಪಟ್ಟಿಗಳು, ಅಂದರೆ ರೀಫ್‌ಗಳು ಸಾಗುತ್ತವೆ. ಅವುಗಳ ಆಚೀಚೆ ಬಂಡೆ ಬಯೊಟೈಟ್, ಕ್ಲೋರೈಟ್ ಆಗಿ ಬದಲಾಗಿದೆ. ಅನುಭವಿ ಗಣಿಗಾರನ ಕಣ್ಣಿಗೆ ಇದು ಬಣ್ಣದ ಚೂರು ವ್ಯತ್ಯಾಸವಾಗಿ ಕಾಣುತ್ತದೆ. ನಾಸಾ ಮತ್ತು ಇಸ್ರೊ ಸೇರಿ ಅವಿರಿಸ್‌-ಎನ್‌ಜಿ ಎಂಬ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾವನ್ನು ವಿಮಾನದಲ್ಲಿಟ್ಟು ಭಾರತದ ಮೇಲೆ ಹಾರಿಸಿದಾಗ ಹಟ್ಟಿ-ಮಸ್ಕಿ ಪ್ರದೇಶವೂ ಅದರಲ್ಲಿ ಸೇರಿತ್ತು. ಆ ದತ್ತಾಂಶದಿಂದ ಮೇಲ್ಮೈಯ ಬದಲಾದ ಬಂಡೆಗಳ ನಕ್ಷೆ ಬಿಡಿಸಿ 2020ರ ಹೊತ್ತಿಗೆ ಸಂಶೋಧನಾ ಲೇಖನಗಳೂ ಬಂದವು. ಆದರೆ ವಿಮಾನದಿಂದ ನೋಡಿದರೆ ಒಂದು ಪಿಕ್ಸೆಲ್ ಕೆಲವು ಮೀಟರ್ ಅಗಲ. ಮೇಲೆ ಮಣ್ಣು, ಮುಳ್ಳುಕಂಟಿ, ತೊಗರಿ ಹೊಲ. ಅದೇ ರೀಫನ್ನು ನೆಲದಡಿ ನಾಲ್ಕು ಮೀಟರ್ ದೂರದಿಂದ ನೋಡಿದರೆ ಪಿಕ್ಸೆಲ್ ಕೆಲವು ಮಿಲಿಮೀಟರ್. ಬಂಡೆಯೂ ಆಗಷ್ಟೇ ಒಡೆದ ಹೊಸ ಬಂಡೆ. ಒಳಗೆ ಹೋಗಿ ನೋಡುವ ಆಸೆ ಹುಟ್ಟುವುದೇ ಈ ಕಾರಣಕ್ಕೆ.

ಇನ್ನೇನು ಕಾಣುವುದಿಲ್ಲ?

ಪಟ್ಟಿ ಸ್ವಲ್ಪ ನೋವು ಕೊಡುವಂಥದ್ದೇ. ಬೆಣಚುಕಲ್ಲಿಗೆ, ಅಂದರೆ ಕ್ವಾರ್ಟ್ಜ್‌ಗೆ, ಸ್ವಿರ್‌ನಲ್ಲಿ ತನ್ನದೇ ಆದ ತಗ್ಗಿಲ್ಲ. ಫೆಲ್ಡ್‌ಸ್ಪಾರ್‌ಗೂ ಇಲ್ಲ. ಪೈರೈಟ್, ಆರ್ಸೆನೊಪೈರೈಟ್‌ನಂಥ ಸಲ್ಫೈಡ್‌ಗಳು ಸುಮ್ನೆ ಕಪ್ಪಗೆ ಕೂತಿರುತ್ತವೆ. ಚಿನ್ನದ ಗಣಿಯಲ್ಲಿ ಬೆಣಚು ಮತ್ತು ಸಲ್ಫೈಡ್ ಎರಡೂ ಕಾಣದಿದ್ದರೆ ಹೇಗೆ, ಅಲ್ವಾ? ಇನ್ನೂ ಉದ್ದದ ತರಂಗಾಂತರಕ್ಕೆ, ಅಂದರೆ 8ರಿಂದ 12 ಮೈಕ್ರೋಮೀಟರ್‌ನ ಥರ್ಮಲ್ ವ್ಯಾಪ್ತಿಗೆ ಹೋದರೆ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಚೆನ್ನಾಗಿ ಗುರುತು ಸಿಗುತ್ತವೆ.

ಆದರೆ ಅಲ್ಲೂ ಸುರಂಗ ಒಂದು ಆಟ ಆಡುತ್ತದೆ. ಕುಂಬಾರನ ಆವಿಗೆ ಪೂರ್ತಿ ಕಾದು ಕೆಂಪಾದಾಗ ಒಳಗಿನ ಮಡಕೆ ಯಾವುದು, ಗೋಡೆ ಯಾವುದು ತಿಳಿಯುವುದಿಲ್ಲ. ಎಲ್ಲವೂ ಒಂದೇ ಕೆಂಪು. ಒಂದೇ ಬಿಸಿಯಲ್ಲಿರುವ ಮುಚ್ಚಿದ ಜಾಗದಲ್ಲಿ ವಸ್ತು ತಾನು ಹೊರಸೂಸುವ ಮತ್ತು ಸುತ್ತಲಿಂದ ಪ್ರತಿಫಲಿಸುವ ಕಿರಣ ಸೇರಿ ಎಲ್ಲ ಕಡೆ ಒಂದೇ ಆಗಿಬಿಡುತ್ತದೆ. ಸುರಂಗವೂ ಥರ್ಮಲ್ ಕ್ಯಾಮೆರಾಗೆ ಅಂಥದ್ದೇ ಆವಿಗೆ, ಬಿಸಿ ಮಾತ್ರ ಕಡಿಮೆ. ಹೊರಗಡೆ ಆದರೆ ತಣ್ಣನೆಯ ಆಕಾಶ ಇರುತ್ತದೆ, ವ್ಯತ್ಯಾಸ ಮೂಡುತ್ತದೆ. ಒಳಗೆ ಬಂಡೆಯನ್ನು ಬೇಕೆಂದೇ ಬಿಸಿ ಮಾಡಬೇಕು, ಇಲ್ಲವೇ ಬಿಸಿ ಮೂಲವೊಂದನ್ನು ಅದರ ಎದುರು ಹಿಡಿಯಬೇಕು. ಹಾಗಾಗಿ ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಸ್ವಿರ್‌ನಿಂದ ಶುರು ಮಾಡಿ.

ಬಿಸಿಲಲ್ಲಿ ಮಾಡುವ ಕೆಲಸವನ್ನೇ ಒಳಗೂ ಮಾಡುವುದಲ್ಲವೇ? ಕಷ್ಟ ಎಲ್ಲಿದೆ?

ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರ್. ಬಂಡೆಯ ಒಂದು ಮೂಲೆ ಇನ್ನೊಂದಕ್ಕಿಂತ ಒಂದು ಮೀಟರ್ ಹಿಂದಿದ್ದರೂ ಬಿಸಿಲು ಎರಡಕ್ಕೂ ಒಂದೇ. ನಿಮ್ಮ ದೀಪ ಇರುವುದು ನಾಲ್ಕು ಮೀಟರ್ ದೂರದಲ್ಲಿ. ಎರಡು ಮೀಟರ್‌ನಲ್ಲಿರುವ ಉಬ್ಬಿಗೆ ಬೀಳುವ ಬೆಳಕಿನ ಕಾಲು ಭಾಗ ಮಾತ್ರ ನಾಲ್ಕು ಮೀಟರ್‌ನಲ್ಲಿರುವ ತಗ್ಗಿಗೆ ಬೀಳುತ್ತದೆ. ಗಣಿ ಗೋಡೆ ಮನೆ ಗೋಡೆಯಂತೆ ನೆಟ್ಟಗಿರುವುದಿಲ್ಲ. ಬ್ಲಾಸ್ಟ್ ಆದಮೇಲೆ ಅದು ಹಲ್ಲು ಹಲ್ಲಾಗಿ ನಿಂತಿರುತ್ತದೆ. ಪ್ರತಿ ಹಲ್ಲಿಗೂ ಒಂದು ನೆರಳು.

ಎರಡನೆಯದು ಬಲ. ಮಧ್ಯಾಹ್ನದ ಬಿಸಿಲು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ನೀವು 1000 ವ್ಯಾಟ್‌ನ ಎರಡು ದೀಪ ಹೊತ್ತೊಯ್ದು, ಅದರ ಒಂದು ಹನಿಯೂ ಪೋಲಾಗದೆ 16 ಚದರ ಮೀಟರ್ ಗೋಡೆಗೇ ಬಿತ್ತು ಅಂದುಕೊಂಡರೂ ಚದರ ಮೀಟರ್‌ಗೆ 125 ವ್ಯಾಟ್. ಬಿಸಿಲಿನ ಎಂಟನೇ ಒಂದು ಪಾಲು. ಸಮಾಧಾನದ ವಿಷಯ ಅಂದರೆ, ಬಿಸಿಲಿನ ಬಲ ಕಾಣುವ ಬೆಳಕಿನ ಕಡೆ ಜಾಸ್ತಿ, ಹ್ಯಾಲೊಜೆನ್ ದೀಪದ ಬಲ ಇನ್ಫ್ರಾರೆಡ್ ಕಡೆ ಜಾಸ್ತಿ. ಸುಮಾರು 3000 ಕೆಲ್ವಿನ್‌ನಲ್ಲಿ ಉರಿಯುವ ತಂತಿಯ ಶಿಖರ 970 ನ್ಯಾನೋಮೀಟರ್ ಹತ್ತಿರ ಬರುತ್ತದೆ. ಕಣ್ಣಿಗೆ ಮಂಕು ಅನ್ನಿಸಿದ ಗೋಡೆ ಸ್ವಿರ್ ಕ್ಯಾಮೆರಾಗೆ ಅಷ್ಟೇನೂ ಮಂಕಲ್ಲ.

ಮೂರನೆಯದು ಕರೆಂಟು. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಹ್ಯಾಲೊಜೆನ್ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಪಕ್ಕದ ಸುರಂಗದಲ್ಲಿ ದೊಡ್ಡ ಡ್ರಿಲ್ ಶುರುವಾಗಿ ವೋಲ್ಟೇಜ್ ಬರೀ 5 ಪರ್ಸೆಂಟ್ ಇಳಿದರೂ ಬೆಳಕು 16 ಪರ್ಸೆಂಟ್ ಇಳಿಯುತ್ತದೆ. ಜೊತೆಗೆ ಬಣ್ಣವೂ ಕೆಂಪಿಗೆ ಜರುಗುತ್ತದೆ. ಕ್ಯಾಮೆರಾ ಗೆರೆ ಗೆರೆಯಾಗಿ ಚಿತ್ರ ಓದುತ್ತಾ ಹೋಗುವುದರಿಂದ, ನಡುವೆ ಎಲ್ಲೋ ಒಂದು ಮಂಕು ಪಟ್ಟಿ ಬೀಳುತ್ತದೆ. ಅದನ್ನೇ ಹೊಸ ಖನಿಜದ ಪಟ್ಟಿ ಅಂದುಕೊಂಡು ಖುಷಿಪಟ್ಟವರಿದ್ದಾರೆ. ಮೇನ್ಸ್‌ನ 50 ಹರ್ಟ್ಜ್ ಮಿಡಿತದಿಂದಲೂ ಸಣ್ಣ ಗೆರೆಗಳು ಮೂಡುತ್ತವೆ. ಆದ್ದರಿಂದ ಬ್ಯಾಟರಿ ಅಥವಾ ಸ್ಥಿರವಾದ ಡಿಸಿ ಸಪ್ಲೈ ಇಟ್ಟುಕೊಳ್ಳಿ. ಕ್ಯಾಮೆರಾ ಖರೀದಿಗೆ ಆರು ತಿಂಗಳು ಚರ್ಚೆ ಮಾಡಿ, ದೀಪವನ್ನು ಹಿಂದಿನ ದಿನ ಅಂಗಡಿಯಿಂದ ತರುವ ತಂಡಗಳು ಸೋಲುವುದು ಇಲ್ಲೇ.

ಎಲ್‌ಇಡಿ ಹಾಕಿದರೆ ಆಗದಾ? ತಂಪಾಗಿರುತ್ತದೆ, ಕರೆಂಟೂ ಉಳಿಯುತ್ತದೆ.

ಬಿಳಿ ಎಲ್‌ಇಡಿ ಕಣ್ಣಿಗಾಗಿ ಮಾಡಿದ ದೀಪ. 450ರ ಹತ್ತಿರ ಒಂದು ನೀಲಿ ಶಿಖರ, ಆಮೇಲೆ ಹಳದಿಯ ಗುಡ್ಡ, 750 ದಾಟಿದ ಮೇಲೆ ಬಹುತೇಕ ಏನೂ ಇಲ್ಲ. ಅದು ತಂಪಾಗಿರುವುದೇ ಇನ್ಫ್ರಾರೆಡ್ ಕೊಡದಿರುವುದರಿಂದ. ನಮಗೆ ಬೇಕಿರುವುದು ಅದೇ ಇನ್ಫ್ರಾರೆಡ್!

ಹ್ಯಾಲೊಜೆನ್‌ನಲ್ಲೂ ಒಂದು ಬಲೆ ಇದೆ. ಷೋರೂಮಿನ ಸ್ಪಾಟ್ ಲೈಟ್‌ಗಳಲ್ಲಿ ಹಿಂದಿನ ಪ್ರತಿಫಲಕ ಗಾಜಿನ ಹಾಗೆ ಬಣ್ಣಬಣ್ಣವಾಗಿ ಹೊಳೆಯುತ್ತಿರುತ್ತದೆ. ಅದನ್ನು ಡೈಕ್ರೋಯಿಕ್ ಅನ್ನುತ್ತಾರೆ. ಕಾಣುವ ಬೆಳಕನ್ನು ಮುಂದಕ್ಕೆ ಕಳಿಸಿ, ಶಾಖವನ್ನು ಹಿಂದಕ್ಕೆ ಬಿಡುವುದೇ ಅದರ ಕೆಲಸ. ಅಂದರೆ ನಿಮ್ಮ ಸ್ವಿರ್ ಬೆಳಕೆಲ್ಲ ಬೆನ್ನ ಹಿಂದಿನ ಗೋಡೆಗೆ. ಅಲ್ಯೂಮಿನಿಯಂ ಪ್ರತಿಫಲಕ ಇರುವುದನ್ನೇ ಕೇಳಿ ತನ್ನಿ.

ಕತ್ತಲಿನಿಂದ ಏನಾದರೂ ಲಾಭ ಇದೆಯಾ?

ಇದೆ, ಅದೂ ಚಿಕ್ಕದಲ್ಲ. ಬಿಸಿಲು ವಾತಾವರಣ ದಾಟಿ ಬರುವಾಗ ನೀರಿನ ಆವಿ 1400 ಮತ್ತು 1900 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ಹೊರಗಿನ ಚಿತ್ರಗಳಲ್ಲಿ ಆ ಎರಡು ಪಟ್ಟಿಗಳನ್ನು ಕತ್ತರಿಸಿ ಬಿಸಾಡುತ್ತಾರೆ. ಒಳಗೆ ಬೆಳಕು ನಡೆಯುವುದು ಕೆಲವೇ ಮೀಟರ್. ಗಾಳಿ ಎಷ್ಟೇ ತೇವವಾಗಿದ್ದರೂ ಅಷ್ಟು ದೂರದಲ್ಲಿ ಪೂರ್ತಿ ನುಂಗಲಾರದು. ಜೇಡಿ ಖನಿಜಗಳನ್ನು ಬಿಡಿಸಿ ನೋಡಲು 1400ರ ಪಟ್ಟಿ ಬಹಳ ಸಹಾಯ ಮಾಡುತ್ತದೆ.

ಮೋಡ ಅಡ್ಡ ಬರುವುದಿಲ್ಲ. ಸಂಜೆ ಆಗುವುದಿಲ್ಲ. ಬೆಳಕು ಯಾವ ಕೋನದಲ್ಲಿ ಬೀಳಬೇಕು ಅನ್ನುವುದು ನಿಮ್ಮ ಕೈಯಲ್ಲೇ.

ಎಲ್ಲ ಫೋಟೋಗಳಲ್ಲೂ ಒಂದು ಬಿಳಿ ಹಲಗೆ ಕಾಣುತ್ತದೆ. ಅದು ಯಾಕೆ?

ಕ್ಯಾಮೆರಾಗೆ ಬರುವುದು ಬಂಡೆ ಮತ್ತು ದೀಪ ಎರಡರ ಗುಣ ಬೆರೆತ ಬೆಳಕು. ದೀಪದ ಪಾಲನ್ನು ಕಳೆದು ಬಂಡೆಯ ಪಾಲನ್ನು ಮಾತ್ರ ಉಳಿಸಿಕೊಳ್ಳಲು, ಬಿದ್ದ ಬೆಳಕನ್ನೆಲ್ಲ ಹೆಚ್ಚುಕಮ್ಮಿ ಹಾಗೇ ವಾಪಸ್ ಕಳಿಸುವ ಹಲಗೆಯೊಂದು ಬೇಕು. ಸ್ಪೆಕ್ಟ್ರಲಾನ್ ಅನ್ನುವ ಪ್ಲಾಸ್ಟಿಕ್ ಜಾತಿಯ ಹಲಗೆ ಸಾಮಾನ್ಯ. ಕಾಣುವ ಬೆಳಕಿನಲ್ಲಿ ಅದು ಸುಮಾರು 99 ಪರ್ಸೆಂಟ್ ವಾಪಸ್ ಕೊಡುತ್ತದೆ. ಬಂಡೆಯ ಓದನ್ನು ಹಲಗೆಯ ಓದಿನಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತದೆ.

ಹಲಗೆಯನ್ನು ಬಂಡೆಗೋಡೆ ಇರುವಷ್ಟೇ ದೂರದಲ್ಲಿ, ಚಿತ್ರದ ಚೌಕಟ್ಟಿನೊಳಗೇ ನಿಲ್ಲಿಸಿ. ಕ್ಯಾಮೆರಾ ಪಕ್ಕದಲ್ಲಿ ಹಿಡಿದು ಅಳೆದರೆ ಲೆಕ್ಕ ಕೆಡುತ್ತದೆ. ಕೆಸರು ಕೈಯಲ್ಲಿ ಮುಟ್ಟಬೇಡಿ. ನಾನು ಒಮ್ಮೆ ಮುಟ್ಟಿದ್ದೇನೆ. ಆ ದಿನದ ಎಲ್ಲ ಚಿತ್ರದಲ್ಲೂ ಹೆಬ್ಬೆರಳಿನಷ್ಟು ಅಗಲದ ಕಂದು ಕಲೆ, ಹಲಗೆಯನ್ನು ಉಜ್ಜಲು ಇನ್ನರ್ಧ ದಿನ.

ಗೋಡೆ ಒದ್ದೆಯಾಗಿದ್ದರೆ? ಧೂಳಿದ್ದರೆ?

ಕ್ಯಾಮೆರಾ ನೋಡುವುದು ಬಂಡೆಯ ಚರ್ಮವನ್ನು ಮಾತ್ರ, ಒಳಕ್ಕೆ ಇಣುಕುವುದಿಲ್ಲ. ಮೇಲೆ ತೆಳ್ಳಗೆ ಧೂಳು ಕೂತಿದ್ದರೆ ನಿಮಗೆ ಸಿಗುವುದು ಧೂಳಿನ ಚಿತ್ರ. ಧೂಳು ಗಣಿಯ ಎಲ್ಲ ಬಂಡೆಗಳ ಹಿಟ್ಟು ಸೇರಿ ಆದದ್ದು, ಹಾಗಾಗಿ ಇಡೀ ಗೋಡೆ ಒಂದೇ ಖನಿಜದಂತೆ ಕಾಣುತ್ತದೆ. ಅದಕ್ಕಾಗಿ ತೊಳೆಯಬೇಕು. ತೊಳೆದರೆ ಒದ್ದೆ! ನೀರಿನ ಪದರ 1400, 1900ರಲ್ಲಿ ದೊಡ್ಡ ಹಳ್ಳ ತೋಡುತ್ತದೆ, ಇಡೀ ಸ್ವಿರ್ ಗೆರೆಯನ್ನೇ ಕೆಳಗೆ ಎಳೆಯುತ್ತದೆ. ಮೇಲಾಗಿ ದೀಪ ನೀರಿನ ಮೇಲೆ ಕನ್ನಡಿಯಂತೆ ಹೊಳೆದು ಬಿಳಿ ಚುಕ್ಕೆಗಳಾಗುತ್ತವೆ.

ಆದರೂ ಒಂದನ್ನೇ ಆರಿಸಬೇಕು ಅಂದರೆ ನಾನು ಒದ್ದೆಯನ್ನೇ ಆರಿಸುತ್ತೇನೆ. ತೇವದ ಕೆಳಗಿನ ತಗ್ಗುಗಳು ಮಸುಕಾಗಿಯಾದರೂ ಉಳಿಯುತ್ತವೆ, ಧೂಳಿನ ಕೆಳಗಿನವು ಇಲ್ಲವೇ ಇಲ್ಲ. ತೊಳೆದು, ವಾತಾಯನದ ಗಾಳಿ ಬೀಸಲು ಬಿಟ್ಟು, ನೀರು ಇಳಿದುಹೋದ ಮೇಲೆ ತೆಗೆಯಿರಿ. ದೀಪಗಳನ್ನು ಕ್ಯಾಮೆರಾದ ಎರಡೂ ಪಕ್ಕ ಓರೆಯಾಗಿ ಇಟ್ಟರೆ ಹೊಳಪು ಕಮ್ಮಿಯಾಗುತ್ತದೆ. ನೆರಳೂ ಒಂದನ್ನೊಂದು ತುಂಬುತ್ತವೆ.

ಲೆನ್ಸ್ ಮಂಜಾಗುವುದು ಇನ್ನೊಂದು ತಲೆನೋವು. ಎಸಿ ಕೋಣೆಯಿಂದ ನೇರ ಬಿಸಿ ಲೆವೆಲ್‌ಗೆ ಇಳಿಸಿದರೆ ಗಾಜಿನ ಮೇಲೆ ಬೆವರು. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರ್‌ಗೂ ಆಳ ಹೋಗಿದ್ದಾಗ ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಅಂಥ ಕಡೆ ಕ್ಯಾಮೆರಾಗಿಂತ ಮೊದಲು ಮನುಷ್ಯ ಮಂಜಾಗುತ್ತಾನೆ ಬಿಡಿ.

ಬ್ಲಾಸ್ಟಿಂಗ್, ಮಕ್ಕಿಂಗ್ ನಡುವೆ ಯಾವಾಗ ಹೋಗಬೇಕು?

ಗಣಿಯ ದಿನಚರಿ ಹೀಗಿರುತ್ತದೆ: ರಂಧ್ರ ಕೊರೆ, ಮದ್ದು ತುಂಬು, ಸಿಡಿಸು, ಹೊಗೆ ಹೋಗಲಿ, ಸಡಿಲ ಕಲ್ಲು ಕೆಡವು, ಒಡೆದ ಕಲ್ಲು ಸಾಗಿಸು (ಇದೇ ಮಕ್ಕಿಂಗ್), ಚಾವಣಿ ಕುಸಿಯದಂತೆ ಬೋಲ್ಟ್ ಹಾಕು, ಜಾಲರಿ ಹಾಕು, ಬೇಕಿದ್ದ ಕಡೆ ಷಾಟ್‌ಕ್ರೀಟ್, ಅಂದರೆ ಕಾಂಕ್ರೀಟ್, ಚಿಮ್ಮಿಸು. ಷಾಟ್‌ಕ್ರೀಟ್ ಬಿದ್ದ ಮೇಲೆ ಆ ಬಂಡೆಯನ್ನು ಇನ್ನು ಯಾರೂ ನೋಡುವುದಿಲ್ಲ. ಕಲ್ಲು ಸಾಗಿಸಿದ ಮೇಲೆ, ಗೋಡೆ ಮುಚ್ಚುವ ಮೊದಲು ಇರುವ ಸಣ್ಣ ಬಿಡುವೇ ನಮ್ಮದು.

ಈ ಬಿಡುವಿನಲ್ಲೇ ಜಿಯಾಲಜಿಸ್ಟ್ ಕೂಡ ಟೇಪು, ಪೇಂಟು, ನೋಟ್‌ಬುಕ್ ಹಿಡಿದು ಬರುತ್ತಾರೆ. ರೀಫ್‌ನ ಅಂಚು ಗುರುತಿಸಿ, ಕಲ್ಲಿನ ಸ್ಯಾಂಪಲ್ ಕೆತ್ತಿ ಅಸ್ಸೇಗೆ, ಅಂದರೆ ಲ್ಯಾಬ್ ಪರೀಕ್ಷೆಗೆ, ಕಳಿಸುತ್ತಾರೆ. ವರದಿ ಬರುವಷ್ಟರಲ್ಲಿ ಮುಂದಿನ ಬ್ಲಾಸ್ಟ್ ಆಗಿರುತ್ತದೆ. ಚಿತ್ರದ ಬೆಲೆ ಇರುವುದು ಇಲ್ಲಿ. ಅದು ಮುಚ್ಚಿಹೋಗುವ ಗೋಡೆಯ ದಾಖಲೆ. ಬೋಲ್ಟ್ ಹಾಕದ ಚಾವಣಿಯ ಕೆಳಗೆ ಯಾರೂ ಕಾಲಿಡಬಾರದು, ಕ್ಯಾಮೆರಾ ಇಡಲೂ ಕೂಡ. ಭದ್ರವಾದ ಜಾಗದಲ್ಲಿ ಹಿಂದೆ ನಿಂತೇ ಚಿತ್ರ ತೆಗೆಯಬಹುದು ಅನ್ನುವುದು ಈ ಪದ್ಧತಿಯ ದೊಡ್ಡ ಅನುಕೂಲ.

ಒಂದು ಗೋಡೆಗೆ ಎಷ್ಟು ಹೊತ್ತು? ಎಷ್ಟು ಡೇಟಾ?

384 ಪಿಕ್ಸೆಲ್ ಅಗಲ, 288 ಬ್ಯಾಂಡ್ (ಮೊದಲು ಹೇಳಿದ ಡಬ್ಬಿ) ಇರುವ ಸ್ವಿರ್ ಕ್ಯಾಮೆರಾ ತೆಗೆದುಕೊಳ್ಳಿ. ಲೆನ್ಸಿನ ನೋಟ 16 ಡಿಗ್ರಿ. ನಾಲ್ಕು ಮೀಟರ್ ದೂರದಿಂದ ಅದಕ್ಕೆ ಕಾಣುವ ಪಟ್ಟಿ ಸುಮಾರು 1.1 ಮೀಟರ್, ಒಂದು ಪಿಕ್ಸೆಲ್ 3 ಮಿಲಿಮೀಟರ್. ತಿರುಗುವ ಸ್ಟ್ಯಾಂಡ್ ಮೇಲೆ ಕೂತು ಒಂದೊಂದೇ ಗೆರೆ ಓದುತ್ತದೆ. ಗೆರೆಗೆ 50 ಮಿಲಿಸೆಕೆಂಡ್, ಸಾವಿರ ಗೆರೆಗೆ 50 ಸೆಕೆಂಡ್. ನಾಲ್ಕು ಮೀಟರ್ ಎತ್ತರದ ಗೋಡೆಗೆ ಅಂಥ ನಾಲ್ಕು ಪಟ್ಟಿ. ಪಟ್ಟಿ ಒಂದಕ್ಕೆ ಸುಮಾರು 220 ಮೆಗಾಬೈಟ್.

ಕೇಳಲು ಸುಲಭ. ನಿಜವಾದ ಹೊತ್ತು ಹೋಗುವುದು ಸ್ಟ್ಯಾಂಡ್ ಹೂಡಲು, ಕೇಬಲ್ ಎಳೆಯಲು, ದೀಪ ಕಾದು ಸ್ಥಿರವಾಗಲು, ಕ್ಯಾಮೆರಾದ ಸೆನ್ಸರ್ ತಣ್ಣಗಾಗಲು. ಕೆಲವು ಸ್ವಿರ್ ಸೆನ್ಸರ್‌ಗಳು ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಳಿದ ಮೇಲೆಯೇ ಕೆಲಸ ಶುರು ಮಾಡುತ್ತವೆ.

ಒಳಗೆ ಜಿಪಿಎಸ್ ಸಿಗುವುದಿಲ್ಲ. ಚಿತ್ರ ಯಾವ ಜಾಗದ್ದು ಅಂತ ಹೇಗೆ ಹೇಳುವುದು?

ಗಣಿ ಸರ್ವೇಯವರು ಚಾವಣಿಯಲ್ಲಿ ಹೊಡೆದಿಟ್ಟ ಸ್ಟೇಷನ್ ಗುರುತುಗಳೇ ಆಧಾರ. ಲೇಸರ್ ಸ್ಕ್ಯಾನರ್‌ನಿಂದ ಅಥವಾ ಸಾಮಾನ್ಯ ಕ್ಯಾಮೆರಾದ ನೂರಾರು ಫೋಟೋಗಳಿಂದ ಗೋಡೆಯ ಮೂರು ಆಯಾಮದ ಮಾದರಿ ಮಾಡುತ್ತಾರೆ. ಅದನ್ನು ಆ ಗುರುತುಗಳಿಗೆ ಕಟ್ಟಿ, ಹೈಪರ್‌ಸ್ಪೆಕ್ಟ್ರಲ್ ಚಿತ್ರವನ್ನು ಅದರ ಮೇಲೆ ಬಟ್ಟೆ ಹೊದಿಸಿದ ಹಾಗೆ ಹೊದಿಸುತ್ತಾರೆ.

ನೆರಳು, ಉಬ್ಬುತಗ್ಗುಗಳನ್ನು ಸರಿಮಾಡುವುದು ಹೇಗೆ?

ಆ ಮೂರು ಆಯಾಮದ ಮಾದರಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಪ್ರತಿ ಚುಕ್ಕೆ ದೀಪದಿಂದ ಎಷ್ಟು ದೂರ, ಯಾವ ಕಡೆಗೆ ಮುಖ ಮಾಡಿದೆ ಅಂತ ಗೊತ್ತಿದ್ದರೆ ಅಲ್ಲಿ ಎಷ್ಟು ಬೆಳಕು ಬಿದ್ದಿರಬೇಕು ಅಂತ ಲೆಕ್ಕ ಹಾಕಬಹುದು.

ಇನ್ನೊಂದು ದಾರಿ, ಹೊಳಪನ್ನು ಪೂರ್ತಿ ಮರೆತುಬಿಡುವುದು. 1993ರಲ್ಲಿ ಬಂದ ಸ್ಪೆಕ್ಟ್ರಲ್ ಆ್ಯಂಗಲ್ ಮ್ಯಾಪರ್ ಅನ್ನುವ ವಿಧಾನ ಗೆರೆಯ ಆಕಾರವನ್ನು ಮಾತ್ರ ಹೋಲಿಸುತ್ತದೆ. ಅದೇ ರಾಗವನ್ನು ಮೆಲ್ಲಗೆ ಹಾಡಿದರೂ ಜೋರಾಗಿ ಹಾಡಿದರೂ ಗುರುತು ಸಿಗುವ ಹಾಗೆ. ತಗ್ಗಿನ ಜಾಗವನ್ನು ಮಾತ್ರ ಅಳೆಯುವ ವಿಧಾನಕ್ಕೂ ಇದೇ ಗುಣ. ಆದರೆ ಕಡುನೆರಳಿನಲ್ಲಿ ಗೆರೆಯೇ ಇರುವುದಿಲ್ಲ, ಬರೀ ಕ್ಯಾಮೆರಾದ ಗದ್ದಲ ಇರುತ್ತದೆ. ಅಂಥ ಪಿಕ್ಸೆಲ್‌ಗೂ ಸಾಫ್ಟ್‌ವೇರ್ ಒಂದು ಖನಿಜದ ಹೆಸರು ಅಂಟಿಸಿಯೇ ತೀರುತ್ತದೆ. ಅವುಗಳನ್ನು ಕಪ್ಪು ಮಾಡಿ ಬಿಡಿ. ನಕ್ಷೆಯಲ್ಲಿ ತೂತು ಕಂಡರೆ ನಾಚಿಕೆ ಪಡಬೇಕಾಗಿಲ್ಲ.

ನಿಜವಾಗಿ ಎಲ್ಲಾದರೂ ಮಾಡಿದ್ದಾರಾ?

ಜರ್ಮನಿ ಮತ್ತು ಚೆಕ್ ದೇಶದ ಗಡಿಯಲ್ಲಿ ಜಿನ್‌ವಾಲ್ಡ್ ಅನ್ನುವ ಊರಿದೆ. ಆಚೆ ಬದಿಯ ಹೆಸರು ತ್ಸೀನೊವೆಟ್ಸ್. ಎರಡು ಹೆಸರಿನಲ್ಲೂ ಇರುವುದು ತವರ ಲೋಹವೇ. ಶತಮಾನಗಳ ಕಾಲ ಅಲ್ಲಿ ತವರ ತೆಗೆದರು. ಈಗ ಕಣ್ಣು ಬಿದ್ದಿರುವುದು ಲಿಥಿಯಂ ಮೇಲೆ. ಅದು ಇರುವುದು ಊರಿನದೇ ಹೆಸರು ಹೊತ್ತ ಜಿನ್‌ವಾಲ್ಡೈಟ್ ಅನ್ನುವ ಅಭ್ರಕದಲ್ಲಿ, ಮತ್ತೆ ಕಾಗೆಬಂಗಾರ ನೋಡಿ! ಹೆಲ್ಮ್‌ಹೋಲ್ಟ್ಸ್ ಫ್ರೈಬರ್ಗ್ ಸಂಸ್ಥೆಯ ತಂಡ ಮೊದಲು ಲ್ಯಾಬ್‌ನಲ್ಲಿ ಬೇರೆ ಬೇರೆ ಕ್ಯಾಮೆರಾ, ದೀಪದ ಜೋಡಣೆ, ಕಲ್ಲಿನ ಒದ್ದೆತನ ಎಲ್ಲವನ್ನೂ ಪರೀಕ್ಷೆ ಮಾಡಿತು. ಆಮೇಲೆ ಗಣಿಯೊಳಗೆ ಚಿತ್ರ ತೆಗೆದು, ಬೆಳಕು ಸರಿಪಡಿಸಿ, ಮೂರು ಆಯಾಮದ ಮಾದರಿಗೆ ಹೊದಿಸಿ, ಗೋಡೆಯಲ್ಲಿ ಲಿಥಿಯಂ ಎಷ್ಟಿರಬಹುದು ಅಂತ ಅಂದಾಜು ಮಾಡಿತು. ಆ ಕೆಲಸ 2023ರಲ್ಲಿ ಪ್ರಕಟವಾಯಿತು.

ಲಿಥಿಯಂಗೆ ಈ ವ್ಯಾಪ್ತಿಯಲ್ಲಿ ತನ್ನದೇ ತಗ್ಗಿಲ್ಲ. ಅವರು ಅಳೆದದ್ದು ಅಭ್ರಕವನ್ನು, ಲೆಕ್ಕ ಹಾಕಿದ್ದು ಲಿಥಿಯಂ. ಸರಿ ಇದೆಯೋ ಇಲ್ಲವೋ ನೋಡಲು ಲೇಸರ್‌ನಿಂದ ಕಲ್ಲನ್ನು ಚಿಟಿಕೆಯಷ್ಟು ಸುಟ್ಟು ಬೆಳಕು ಓದುವ ಲಿಬ್ಸ್ ಉಪಕರಣ ಬಳಸಿದರು. ಎಕ್ಸ್-ರೇಯಿಂದ ಧಾತು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಲಿಥಿಯಂನಷ್ಟು ಹಗುರ ಧಾತು ಸಿಗುವುದೇ ಇಲ್ಲ.

ಫ್ರೈಬರ್ಗ್ ಹೆಸರು ಬಂತಲ್ಲ, ಒಂದು ಕಥೆ ಹೇಳಿಬಿಡುತ್ತೇನೆ. 1168ರಿಂದ ಬೆಳ್ಳಿ ತೆಗೆದ ಊರು ಅದು. ಅಲ್ಲಿನ ಗಣಿ ವಿದ್ಯಾಲಯ ಹುಟ್ಟಿದ್ದು 1765ರಲ್ಲಿ. 1863ರಲ್ಲಿ ಅಲ್ಲಿನ ಫರ್ಡಿನಾಂಡ್ ರೈಖ್ ಸತುವಿನ ಅದಿರನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಬಣ್ಣಗುರುಡು. ಹಾಗಾಗಿ ರೋಹಿತ ನೋಡುವ ಕೆಲಸವನ್ನು ಥಿಯೊಡೋರ್ ರಿಕ್ಟರ್‌ಗೆ ವಹಿಸಿದರು. ರಿಕ್ಟರ್ ಕಂಡದ್ದು ಯಾರೂ ನೋಡಿರದ ಒಂದು ಇಂಡಿಗೊ ಗೆರೆ. ಅದರಿಂದಲೇ ಹೊಸ ಧಾತುವಿಗೆ ಇಂಡಿಯಂ ಅಂತ ಹೆಸರಾಯಿತು. ಇವತ್ತು ಅಗ್ಗದ ಕಡೆಯ ಸ್ವಿರ್ ಕ್ಯಾಮೆರಾಗಳ ಸೆನ್ಸರ್ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ನದು. ಅದಿರಿನ ಬೆಳಕು ಓದಿ ಸಿಕ್ಕ ಧಾತುವೇ ಈಗ ಅದಿರಿನ ಬೆಳಕು ಓದುತ್ತಿದೆ.

ಕಲ್ಲಿದ್ದಲು ಗಣಿಯಲ್ಲೂ ಮಾಡಬಹುದಾ?

ಹ್ಯಾಲೊಜೆನ್ ದೀಪ ಹಿಡಿದು? ಬೇಡವೇ ಬೇಡ. ಮೀಥೇನ್ ಇರುವ ಕಡೆ ನೂರಾರು ಡಿಗ್ರಿ ಕಾದ ಬಲ್ಬು ಒಯ್ಯುವುದು ಅಂದರೆ ಬೆಂಕಿಕಡ್ಡಿ ಗೀರಿದಂತೆ. ಅಲ್ಲಿ ಸ್ಫೋಟ ನಿರೋಧಕ ಅಂತ ಒಪ್ಪಿಗೆ ಪಡೆದ ಉಪಕರಣಗಳಿಗೆ ಮಾತ್ರ ಪ್ರವೇಶ. ಲೋಹದ ಗಣಿಯಲ್ಲೂ ಗಣಿ ಮ್ಯಾನೇಜರ್ ಒಪ್ಪಿಗೆ ಇಲ್ಲದೆ, ಸುರಕ್ಷತೆಯ ನಿಯಮ ನೋಡದೆ ಒಂದು ವೈರ್ ಕೂಡ ಎಳೆಯಬೇಡಿ. ಚಾವಣಿಯಿಂದ ತೊಟ್ಟಿಕ್ಕುವ ತಣ್ಣೀರು ಬಿಸಿ ಬಲ್ಬಿನ ಮೇಲೆ ಬಿದ್ದರೆ ಅದು ಸಿಡಿಯುತ್ತದೆ. ಮುಂದೆ ಒಂದು ರಕ್ಷಣಾ ಗಾಜು ಇರಲಿ.

ಇದು ಬಂದರೆ ಜಿಯಾಲಜಿಸ್ಟ್ ಕೆಲಸ ಹೋಗುತ್ತದಾ?

ಸಾಫ್ಟ್‌ವೇರ್ ಒಮ್ಮೆ ಇಡೀ ಗೋಡೆಯ ಕೆಳಭಾಗದಲ್ಲಿ ಕ್ಲೋರೈಟ್ ಪಟ್ಟಿ ತೋರಿಸಿತು ಅಂದುಕೊಳ್ಳಿ. ಅದು ಡ್ರಿಲ್‌ನಿಂದ ಇಳಿದು ಬಂದ ಕೆಸರು, ಬಂಡೆಯಲ್ಲ ಅಂತ ಹೇಳುವವರು ಯಾರು?

ಖರ್ಚು ಎಷ್ಟಾಗುತ್ತದೆ?

ಸ್ವಿರ್ ಕ್ಯಾಮೆರಾ ವಿಷಯದಲ್ಲಿ ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳುವ ಲೆಕ್ಕದಲ್ಲಿ ಮಾತಾಡಬೇಕು. ದೀಪ, ಬ್ಯಾಟರಿ, ಸ್ಟ್ಯಾಂಡ್ ಅದರ ಮುಂದೆ ಚಿಲ್ಲರೆ. ಆ ಚಿಲ್ಲರೆಯಲ್ಲಿ ಜಿಪುಣತನ ಮಾಡಬೇಡಿ ಅನ್ನುವುದನ್ನು ಮೇಲೆ ಹೇಳಿದ್ದೇನೆ, ಮತ್ತೆ ಹೇಳುತ್ತಿದ್ದೇನೆ.

ಕ್ಯಾಮೆರಾ ಇಲ್ಲದೆ ಕಲಿಯಬಹುದಾ?

ಧಾರಾಳವಾಗಿ. ಅಮೆರಿಕದ ಭೂವೈಜ್ಞಾನಿಕ ಸರ್ವೇ ಸಂಸ್ಥೆಯ ಖನಿಜ ರೋಹಿತಗಳ ಸಂಗ್ರಹ ಉಚಿತ. ನೆವಾಡದ ಕ್ಯುಪ್ರೈಟ್ ಎಂಬ ಜಾಗದ ವಿಮಾನ ದತ್ತಾಂಶದ ಮೇಲೆ ಇಡೀ ಜಗತ್ತು ಅಭ್ಯಾಸ ಮಾಡಿದೆ. ಭಾರತದ ಅವಿರಿಸ್‌-ಎನ್‌ಜಿ ಚಿತ್ರಗಳು ಇಸ್ರೊದ ವೇದಾಸ್ ಪೋರ್ಟಲ್‌ನಲ್ಲಿವೆ. ಪೈಥಾನ್‌ನಲ್ಲಿ ಉಚಿತ ಲೈಬ್ರರಿಗಳು ಇವೆ. ಮೊದಲು ಕಯೋಲಿನೈಟ್‌ನ ಜೋಡಿ ತಗ್ಗನ್ನು ನೀವೇ ಹುಡುಕಿ. ಸಿಕ್ಕ ದಿನ ಬಿಡಲು ಮನಸ್ಸಾಗುವುದಿಲ್ಲ.

ದೀಪದ ಪಾಠಕ್ಕೆ ಮಾತ್ರ ಮನೆಯಲ್ಲೇ ಒಂದು ಪ್ರಯೋಗ ಸಾಕು. ರಾತ್ರಿ ಕರೆಂಟು ಹೋದಾಗ ಒರಟು ಗೋಡೆಯ ಎದುರು ಟಾರ್ಚ್ ಹಿಡಿದು ಹತ್ತು ಫೋಟೋ ತೆಗೆಯಿರಿ. ಪ್ರತಿ ಸಲ ಟಾರ್ಚನ್ನು ಸ್ವಲ್ಪ ಜರುಗಿಸಿ. ಒಂದೇ ಗೋಡೆ ಹತ್ತು ಗೋಡೆ ಆಗುತ್ತದೆ.

ಚಿತ್ರ ತೆಗೆಯುವಾಗ ನಮ್ಮ ಕ್ಯಾಪ್ ಲ್ಯಾಂಪ್ ಆರಿಸಬೇಕಾ?

ಆರಿಸಬೇಡಿ. ಗಣಿಯಲ್ಲಿ ತಲೆಯ ದೀಪ ಆರಿಸುವುದು ಯಾವ ಚಿತ್ರಕ್ಕೂ ಯೋಗ್ಯವಾದ ಬೆಲೆಯಲ್ಲ. ಆದರೆ ಗೋಡೆಯ ಕಡೆ ತಿರುಗಿಸಲೂಬೇಡಿ. ಅದೂ ಎಲ್‌ಇಡಿಯೇ. 450ರ ನೀಲಿ ಶಿಖರ ಚಿತ್ರದ ಮೇಲೆ ಗೀಚಿದ ಹಾಗೆ ಉಳಿದುಬಿಡುತ್ತದೆ. ಸ್ವಿರ್‌ಗೆ ಏನೂ ಆಗುವುದಿಲ್ಲ, ಕಾಣುವ ಬೆಳಕಿನ ಕ್ಯಾಮೆರಾ ಮಾತ್ರ ಕೆಡುತ್ತದೆ. ಕ್ಯಾಮೆರಾದ ಹಿಂದೆ ನಿಂತು, ತಲೆ ತಗ್ಗಿಸಿ ನಿಮ್ಮ ಬೂಟು ನೋಡುತ್ತಾ ಇರಿ. 50 ಸೆಕೆಂಡ್ ಅಷ್ಟೇ. ಯಾರಾದರೂ "ಆಯ್ತಾ ಸರ್?" ಅಂತ ತಲೆ ಎತ್ತಿದರೆ ಆ ಪಟ್ಟಿ ಮತ್ತೆ ಮೊದಲಿನಿಂದ.